ಮಂದ್ರತಂತಿಯ ಇಬ್ಬರು ವಾದಕರು

ಸಂಗೀತ ಕಚೇರಿಯಿಂದ ಮನೆಗೆ ಮರಳುವ ರಸಿಕರು ಹಾಡಿದವರ ಕಂಠವನ್ನೂ ಪಿಟೀಲಿನವರ ಕೈಯನ್ನೂ ಮೃದಂಗದವರ ತನಿಯನ್ನೂ ಕುರಿತು ದಾರಿಯುದ್ದಕ್ಕೂ ಮಾತಾಡಿಕೊಳ್ಳುವುದುಂಟು. ತಂಬೂರಿ ಮೀಟಿದವರನ್ನು ನೆನೆಯುವವರು ಅಪೂರ್ವ. ಆದರೆ ಆ ತಂಬೂರಿಯ ಶ್ರುತಿ ಕೂದಲೆಳೆಯಷ್ಟು ಇಳಿಯಿತೆನ್ನಿ, ಕಚೇರಿಯ ಸೊಗಸೆಲ್ಲ ಕೆಟ್ಟಿತೆಂದು ಮೊದಲು ಗೊಣಗತಕ್ಕವರೂ ಇವರೇ. ಇದ್ದಾಗ ಕಿವಿಗೆ ಬೀಳದೆ ಇಲ್ಲವಾದಾಗ ಮಾತ್ರ ಬೀಳತಕ್ಕ ಇಂತಹ ವಾದ್ಯವೊಂದು ಪಾಶ್ಚಾತ್ಯರ ಜನಪ್ರಿಯ ಸಂಗೀತದಲ್ಲಿಯೂ ಉಂಟು. ಅದೇ ಬೇಸ್ ಗಿಟಾರು. ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ತಂಬೂರಿ ಕೂತಲ್ಲಿಂದ ಕದಲದು, ಬೇಸ್ ಗಿಟಾರಾದರೋ ಹಾಡಿನ ಸ್ವರಮೇಳ ಬದಲಾದಂತೆಲ್ಲ ತಾನೂ ನಡೆಯಬೇಕು. ಒಂದು ಕೈ ಶ್ರುತಿಯ ಕಡೆ, ಇನ್ನೊಂದು ಕೈ ಲಯದ ಕಡೆ ಎಂಬಂತೆ ಡೋಲಿಗೂ ಕಂಠಕ್ಕೂ ನಡುವೆ ನಿಂತು ಎರಡನ್ನೂ ಒಂದಾಗಿ ಹೆಣೆಯುವುದು ಅದರ ಕೆಲಸ.

ಈ ವಾದ್ಯವನ್ನು ಕೈಗೆತ್ತಿಕೊಂಡ ತರುಣರ ಸಂಭಾಷಣೆಯನ್ನು ಸ್ವಲ್ಪ ಹೊತ್ತು ಆಲಿಸಿದವರಿಗೆ ಒಂದು ವಿಚಿತ್ರ ತೋರದಿರದು. ಮಾತೆಲ್ಲವೂ ಸಾಮಗ್ರಿಯದು. ಯಾವ ತಯಾರಕನ ತಂತಿ, ಯಾವ ವರ್ಷದ ಕಟ್ಟಿಗೆ, ಅಯಸ್ಕಾಂತದ ಸುರುಳಿಯನ್ನು ಬಿಚ್ಚಿ ಬೇರೆಯದನ್ನು ಕೂರಿಸಿದರೆ ಧ್ವನಿ ಹೇಗಾದೀತು, ಕುದುರೆಯನ್ನು ಹಿತ್ತಾಳೆಯದಾಗಿ ಮಾಡಿಸಿದರೆ ನಾದ ಎಷ್ಟು ಹೊತ್ತು ನಿಂತೀತು, ಇವೇ ಚರ್ಚೆ. ಹೀಗೆ ವಾದ್ಯವನ್ನು ಬಿಚ್ಚಿ ಕಟ್ಟುವ ಚಟ ಹೀನವೇನೂ ಅಲ್ಲ. ಬಡಗಿಗೆ ಉಳಿಯ ಮೇಲಿರುವ ಮಮತೆಯಂತಹದು ಅದು. ಆದರೆ ಧ್ವನಿ ಸಾಮಗ್ರಿಯಲ್ಲಿದೆಯೋ ಕೈಯಲ್ಲಿದೆಯೋ ಎಂಬ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸಲಾಗದು. ಅದಕ್ಕೆ ಈ ವಾದ್ಯದ ಇಬ್ಬರು ಮಹಾವಾದಕರನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಮೇಲು. ಒಬ್ಬನು ಜೇಮ್ಸ್ ಜೇಮರ್ಸನ್, ತನ್ನ ವಾದ್ಯದ ತಂತಿಯನ್ನು ಕೂಡ ಬದಲಿಸದಿದ್ದವನು. ಮತ್ತೊಬ್ಬನು ಜಾಕೋ ಪಾಸ್ಟೋರಿಯಸ್, ಮೆಟ್ಟಿಲುಗಳೇ ಇಲ್ಲದಂತೆ ಮಾಡಿದ ವಾದ್ಯದಿಂದ ಜಗತ್ತನ್ನು ಬೆರಗುಗೊಳಿಸಿದವನು.

ಮೊದಲು ವಾದ್ಯದ ಹುಟ್ಟನ್ನು ಹೇಳಬೇಕು. ಅಮೆರಿಕದ ನೃತ್ಯಮೇಳಗಳಲ್ಲಿ ಹಿಂದೆ ಮಂದ್ರಸ್ವರದ ಹೊಣೆ ಡಬಲ್ ಬೇಸಿನದು. ಪಿಟೀಲಿನ ಮನೆತನದಲ್ಲಿ ಅದು ಹಿರಿಯಣ್ಣ, ಆಳಿಗಿಂತ ಎತ್ತರ, ನಿಂತೇ ನುಡಿಸತಕ್ಕದ್ದು. ಊರಿಂದೂರಿಗೆ ತಿರುಗುವ ಮೇಳದವರಿಗೆ ಅದನ್ನು ಸಾಗಿಸುವುದೇ ಒಂದು ಕಾಟ. ಸಾಗಿಸಿ ತಂದರೂ ತುತೂರಿ ಡೋಲುಗಳ ಅಬ್ಬರದಲ್ಲಿ ಅದರ ಧ್ವನಿ ಮುಳುಗಿಹೋಗುತ್ತಿತ್ತು. ಸಿಯಾಟಲ್ ನಗರದ ಪಾಲ್ ಟಟ್ಮಾರ್ಕ್ ಎಂಬವನು ೧೯೩೦ರ ದಶಕದಲ್ಲಿಯೇ ಅಡ್ಡಲಾಗಿ ಹಿಡಿದು ನುಡಿಸತಕ್ಕ, ವಿದ್ಯುತ್ತಿನಿಂದ ಧ್ವನಿಗೊಳ್ಳತಕ್ಕ ಮಂದ್ರಗಿಟಾರೊಂದನ್ನು ಮಾಡಿದ್ದನು. ಆದರೆ ಅದು ನೆಲೆಯೂರಲಿಲ್ಲ. ನೆಲೆಯೂರಿದ್ದು ೧೯೫೧ರಲ್ಲಿ ಕ್ಯಾಲಿಫೋರ್ನಿಯದ ಫುಲರ್ಟನ್ ಊರಿನ ಲಿಯೋ ಫೆಂಡರನು ಹೊರತಂದ ವಾದ್ಯ. ಫೆಂಡರನು ರೇಡಿಯೋ ದುರಸ್ತಿಯಿಂದ ಜೀವನ ಆರಂಭಿಸಿದವನು. ಗಿಟಾರು ನುಡಿಸಲು ಬಾರದವನು. ಬಹುಶಃ ಅದರಿಂದಲೇ ವಾದ್ಯವೆಂಬುದರ ಮೇಲೆ ಅವನಿಗೆ ಅನಾವಶ್ಯಕವಾದ ಭಕ್ತಿಯಿರಲಿಲ್ಲ. ಪೊಳ್ಳು ಬುರುಡೆಯನ್ನು ಬಿಟ್ಟು ಘನವಾದ ಹಲಗೆಯನ್ನೇ ಮೈಯಾಗಿ ಮಾಡಿದನು. ಅದಕ್ಕೆ ದಂಡಿಯನ್ನು ಸ್ಕ್ರೂಗಳಿಂದ ಬಿಗಿದನು. ದಂಡಿಯ ಮೇಲೆ ಲೋಹದ ಮೆಟ್ಟಿಲುಗಳನ್ನು ಕೂರಿಸಿದನು. ಡಬಲ್ ಬೇಸಿನಲ್ಲಿ ಮೆಟ್ಟಿಲಿಲ್ಲ, ಸ್ವರಸ್ಥಾನವನ್ನು ಬೆರಳೇ ಹುಡುಕಿಕೊಳ್ಳಬೇಕು. ಇಲ್ಲಿ ವೀಣೆಯಲ್ಲಿರುವಂತೆ ಸ್ಥಾನ ಮೊದಲೇ ಗೊತ್ತುಮಾಡಿದ್ದು. ಅಪಸ್ವರ ಬಾರದ ವಾದ್ಯವೆಂಬ ಅರ್ಥದಲ್ಲಿಯೇ ಅದಕ್ಕೆ ‘ಪ್ರೆಸಿಷನ್’, ಎಂದರೆ ನಿಖರತೆ, ಎಂಬ ಹೆಸರಾಯಿತು. ವಾಚಕರು ಈ ಹೆಸರನ್ನು ನೆನಪಿನಲ್ಲಿಟ್ಟಿರಬೇಕು. ಮುಂದೆ ಅದರಿಂದ ಕೆಲಸವಿದೆ.

ನಾಲ್ಕು ತಂತಿ; ಕುದುರೆಯಿಂದ ಮೇರುವಿನವರೆಗೆ ೩೪ ಅಂಗುಲ; ಅತಿ ಕೆಳಗಿನ ತಂತಿಯ ಕಂಪನ ಸೆಕೆಂಡಿಗೆ ಸುಮಾರು ೪೧. ಇಷ್ಟು ಮಂದ್ರವಾದ ನಾದವನ್ನು ಹಲಗೆಯ ಮೈ ತಾನಾಗಿ ಹೊರಡಿಸಲಾರದು. ತಂತಿಯ ಅಡಿಯಲ್ಲಿ ಅಯಸ್ಕಾಂತವೂ ಅದಕ್ಕೆ ಸುತ್ತಿದ ತಾಮ್ರದ ಸುರುಳಿಯೂ ಇರುತ್ತವೆ. ಉಕ್ಕಿನ ತಂತಿ ಅದುರಿದಾಗ ಸುರುಳಿಯಲ್ಲಿ ಅಲ್ಪವಾದ ವಿದ್ಯುತ್ತು ಹುಟ್ಟುತ್ತದೆ; ಆಂಪ್ಲಿಫೈಯರು ಅದನ್ನು ಬೆಳೆಸುತ್ತದೆ. ಹೀಗೆ ವಾದ್ಯದ ಅರ್ಧ ಭಾಗ ವಾದಕನ ಮಡಿಲಲ್ಲಿ, ಇನ್ನರ್ಧ ಅವನ ಬೆನ್ನ ಹಿಂದಿನ ಪೆಟ್ಟಿಗೆಯಲ್ಲಿ. ೧೯೬೦ರಲ್ಲಿ ಆಂಪೆಗ್ ಕಂಪೆನಿಯವರು ಹೊರತಂದ ಬಿ-೧೫ ಎಂಬ ಪೆಟ್ಟಿಗೆಯಲ್ಲಿ ಯಂತ್ರಭಾಗವನ್ನು ತಲೆಕೆಳಗಾಗಿ ಮಗುಚಿ ಒಳಗೇ ಮುಚ್ಚಿಡುವ ಏರ್ಪಾಡಿತ್ತು. ಸಣ್ಣ ಸಭೆಗೆ ಅದು ಧಾರಾಳವಾಗಿ ಸಾಕು. ಒಂಬತ್ತು ವರ್ಷ ಕಳೆಯುವುದರೊಳಗೆ ಅದೇ ಕಂಪೆನಿ ೩೦೦ ವ್ಯಾಟಿನ ಯಂತ್ರವನ್ನೂ ಎಂಟು ಸ್ಪೀಕರುಗಳ ಬೀರುವನ್ನೂ ಮಾಡಬೇಕಾಯಿತು. ಡಬಲ್ ಬೇಸನ್ನು ಹೊರುವ ಕಾಟದಿಂದ ಪಾರಾಗಲು ಹುಟ್ಟಿದ ವಾದ್ಯ, ಇಬ್ಬರು ಆಳುಗಳಿಲ್ಲದೆ ಮಹಡಿ ಹತ್ತದಂತಹ ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡಿತು.

ಜೇಮರ್ಸನ್ನನು ೧೯೩೬ರಲ್ಲಿ ದಕ್ಷಿಣ ಕೆರೊಲಿನದ ಎಡಿಸ್ಟೋ ದ್ವೀಪದಲ್ಲಿ ಹುಟ್ಟಿ, ೧೯೫೪ರಲ್ಲಿ ಡೆಟ್ರಾಯಿಟ್ ನಗರಕ್ಕೆ ಬಂದನು. ಶಾಲೆಯಲ್ಲಿ ಕಲಿತದ್ದು ಡಬಲ್ ಬೇಸ್. ಒಲವು ಜಾಸ್ ಸಂಗೀತದ ಕಡೆ. ೧೯೫೯ರಲ್ಲಿ ಬೆರಿ ಗಾರ್ಡಿ ಸ್ಥಾಪಿಸಿದ ಮೋಟೌನ್ ಕಂಪೆನಿ ವೆಸ್ಟ್ ಗ್ರ್ಯಾಂಡ್ ಬೂಲೆವಾರ್ಡಿನ ಸಾಧಾರಣವಾದ ಮನೆಯೊಂದರಲ್ಲಿ ನಡೆಯುತ್ತಿತ್ತು. ಅಲ್ಲಿ ಸಂಬಳಕ್ಕೆ ನಿಂತ ವಾದಕರ ಗುಂಪಿಗೆ ಫಂಕ್ ಬ್ರದರ್ಸ್ ಎಂದು ಹೆಸರು. ಹಗಲೆಲ್ಲ ಹಾಡಿನ ಮೇಲೆ ಹಾಡು ಧ್ವನಿಮುದ್ರಣ. ರಾತ್ರಿ ನಗರದ ಕ್ಲಬ್ಬುಗಳಲ್ಲಿ ತಮ್ಮ ಮನಸ್ಸಿಗೆ ಬಂದ ಜಾಸ್. ಹೊಟ್ಟೆಯ ಸಂಗೀತ ಹಗಲಿನದು, ಮನಸ್ಸಿನ ಸಂಗೀತ ರಾತ್ರಿಯದು ಎಂದು ಅವರು ಭಾವಿಸಿದ್ದಿರಬಹುದು. ಜಗತ್ತು ಉಳಿಸಿಕೊಂಡದ್ದು ಹಗಲಿನದನ್ನು. ಇತರ ಕಂಪೆನಿಗಳಿಗೆ ಗುಟ್ಟಾಗಿ ನುಡಿಸಿ ಬರುವುದೂ ಇತ್ತು. ಜಾಕಿ ವಿಲ್ಸನ್ನನ ೧೯೬೭ರ ‘ಹೈಯರ್ ಅಂಡ್ ಹೈಯರ್’ ಇವರಲ್ಲಿ ಕೆಲವರು ಷಿಕಾಗೋವಿಗೆ ಹೋಗಿ ನುಡಿಸಿದುದರ ಫಲ. ಹಾಡಿದವರ ಹೆಸರು ಮನೆಮಾತಾಯಿತು, ಬರೆದವರ ಹೆಸರು ತಟ್ಟೆಯ ಮೇಲೆ ಅಚ್ಚಾಯಿತು. ನುಡಿಸಿದವರ ಹೆಸರು ಮಾತ್ರ ವರ್ಷಗಳವರೆಗೆ ಎಲ್ಲಿಯೂ ಕಾಣಲಿಲ್ಲ.

ಅವನ ವಾದ್ಯ ೧೯೬೨ರ ಪ್ರೆಸಿಷನ್. ಅದರ ಸ್ಥಿತಿಯನ್ನು ಕೇಳಿದರೆ ಈಗಿನ ತರುಣರು ಬೆಚ್ಚಿಬೀಳುವರು. ತಂತಿಗಳು ಬಲು ದಪ್ಪ. ಚಪ್ಪಟೆಯ ಪಟ್ಟಿಯಿಂದ ಸುತ್ತಿದವು, ಬೆರಳಿಗೆ ನುಣುಪು. ಅವನ್ನು ಕಡಿದುಹೋದ ಹೊರತು ಅವನು ಬದಲಿಸುತ್ತಿರಲಿಲ್ಲ. ಕೊಳೆಯಲ್ಲಿಯೇ ಸೊಗಸಿದೆಯೆಂದು ಅವನ ಮತ. ತಂತಿಗೂ ಹಲಗೆಗೂ ನಡುವೆ ಅಂತರ ಹೆಚ್ಚು, ಆದುದರಿಂದ ಒತ್ತಲು ಬಲ ಬೇಕು. ಇತರರು ಅದನ್ನು ನುಡಿಸಲು ತಿಣುಕುತ್ತಿದ್ದರಂತೆ. ಕುದುರೆಯ ಮುಚ್ಚಳದ ಅಡಿಯಲ್ಲಿ ಸ್ಪಂಜಿನ ತುಂಡು, ಕಾರ್ಖಾನೆಯವರು ಇಟ್ಟದ್ದು. ಅದು ನಾದವನ್ನು ಬೇಗ ಅಡಗಿಸುತ್ತದೆ. ಬಲಗೈಯಲ್ಲಿ ತೋರುಬೆರಳೊಂದೇ ಮೀಟತಕ್ಕದ್ದು. ಇದು ಡಬಲ್ ಬೇಸಿನಿಂದ ಬಂದ ರೂಢಿ. ಸ್ನೇಹಿತರು ಆ ಬೆರಳಿಗೆ ‘ಕೊಕ್ಕೆ’ ಎಂದು ಅಡ್ಡಹೆಸರಿಟ್ಟಿದ್ದರು. ಇವೆಲ್ಲ ಸೇರಿ ಆದ ಧ್ವನಿ ದುಂಡಗೆ, ಗಿಡ್ಡಗೆ, ಒಳಗಿನಿಂದ ಗುದ್ದಿದಂತೆ ಇರುತ್ತದೆ. ಸ್ವರ ಹುಟ್ಟುತ್ತಲೇ ಸಾಯತೊಡಗುತ್ತದೆ. ಇದು ಕೊರತೆಯೆಂದು ತೋರಬಹುದು. ಆದರೆ ಸ್ವರ ಬೇಗ ಸಾಯುವುದರಿಂದಲೇ ಅದರ ಬೆನ್ನಿಗೆ ಇನ್ನೊಂದಕ್ಕೆ ಎಡೆಯಾಗುತ್ತದೆ. ಉದ್ದವಾಗಿ ನಿಲ್ಲುವ ನಾದದಲ್ಲಿ ಅವನಷ್ಟು ಒತ್ತಾಗಿ ನುಡಿಸಿದ್ದರೆ ಎಲ್ಲವೂ ಕಲಸಿ ರಾಡಿಯಾಗುತ್ತಿತ್ತು. ಅವನು ಸಾಮಗ್ರಿಯನ್ನು ತಿದ್ದಲಿಲ್ಲ, ನಿಜ. ತನ್ನ ಕಲ್ಪನೆಯನ್ನು ಆ ಸಾಮಗ್ರಿಯ ದೋಷಗಳ ಅಳತೆಗೆ ಕತ್ತರಿಸಿ ಹೊಲಿದುಕೊಂಡನು.

ಟೆಂಪ್ಟೇಷನ್ಸ್ ಮೇಳದವರ ‘ಮೈ ಗರ್ಲ್’ ಆರಂಭವಾಗುವುದು ಅವನ ತಂತಿಯಿಂದ. ಎದೆಯ ಬಡಿತದಂತಹ ಒಂದೇ ಬಗೆಯ ಮಿಡಿತ. ಅದರ ಮೇಲೆ ಗಿಟಾರು ಏರಿ ಬರುತ್ತದೆ. ಅಲ್ಲಿ ಅವನು ಮಾಡಿದ್ದು ಅತ್ಯಲ್ಪ. ಆ ಅಲ್ಪದಲ್ಲಿ ತೆಗೆದುಹಾಕತಕ್ಕದ್ದು ಏನೂ ಇಲ್ಲ. ಫೋರ್ ಟಾಪ್ಸ್ ಮೇಳದವರ ‘ಬರ್ನಡೆಟ್’ (೧೯೬೭) ಇದಕ್ಕೆ ತೀರ ವಿರುದ್ಧ. ಲೀವಾಯ್ ಸ್ಟಬ್ಸನ ಕಂಠ ಬೇಡುತ್ತದೆ, ಕೂಗುತ್ತದೆ, ಹತಾಶವಾಗುತ್ತದೆ. ಕೆಳಗೆ ಬೇಸ್ ಗಿಟಾರು ಒಂದು ನಡೆಯನ್ನು ಇದ್ದಂತೆಯೇ ಮತ್ತೆ ಹೇಳುವುದು ಅಪರೂಪ. ಸ್ವರಮೇಳದ ಮೂಲಸ್ವರವನ್ನು ನೇರವಾಗಿ ಹಿಡಿಯದೆ ಅದರ ನೆರೆಯ ಅರ್ಧಸ್ವರದಿಂದ ಜಾರಿ ಬರುವುದು, ತಾಳದ ಪೆಟ್ಟಿಗೆ ಕ್ಷಣ ಮೊದಲೇ ಬಂದು ಪೆಟ್ಟನ್ನು ಖಾಲಿ ಬಿಡುವುದು, ಹಾಡಿನ ಶ್ರುತಿಗೆ ಹೊರಗಾದರೂ ಖಾಲಿ ತಂತಿಯನ್ನು ನಡುವೆ ಮಿಡಿದು ದಾಟುವುದು, ಇವು ಅವನ ಹಸ್ತಾಕ್ಷರ. ಕೊನೆಯ ಕಡೆ ಎಲ್ಲ ವಾದ್ಯಗಳೂ ಥಟ್ಟನೆ ನಿಂತು, ಕೂಗೊಂದೇ ಉಳಿದು, ಮತ್ತೆ ಎಲ್ಲವೂ ಹರಿಯುತ್ತವೆ. ಆ ನಿಲುಗಡೆಯಲ್ಲಿ ಕೇಳುಗನಿಗೆ ಕಾಲಡಿಯ ನೆಲ ಹೋದಂತಾಗುವುದರ ಕಾರಣವನ್ನು ಹುಡುಕಿದರೆ, ಅದುವರೆಗೆ ನೆಲವಾಗಿದ್ದದ್ದು ಯಾವುದೆಂದು ತಿಳಿಯುತ್ತದೆ.

ಜೇಮರ್ಸನ್ನನಲ್ಲಿ ದೋಷವೇ ಇಲ್ಲವೆನ್ನುವುದು ಭಕ್ತರ ಮಾತು. ‘ಐ ವಾಸ್ ಮೇಡ್ ಟು ಲವ್ ಹರ್’ ಎಂಬ ಅದೇ ವರ್ಷದ ಹಾಡಿನಲ್ಲಿ, ಇನ್ನೂ ಹದಿಹರೆಯದವನಾಗಿದ್ದ ಸ್ಟೀವಿ ವಂಡರನ ಕಂಠದ ಅಡಿಯಲ್ಲಿ ಅವನು ಹರಿಸಿದ ಸ್ವರಗಳು ಎಷ್ಟು ಸಮೃದ್ಧವೆಂದರೆ, ಕಿವಿ ಹಾಡುಗಾರನನ್ನು ಬಿಟ್ಟು ಕೆಳಗೇ ಇಳಿದುಬಿಡುತ್ತದೆ. ಬೇಸ್ ವಾದಕರಿಗೆ ಅದು ವೇದವಾಗಿದೆ. ಹಾಡಿಗೆ ಅಷ್ಟು ಬೇಕಿತ್ತೇ ಎಂದು ಕೇಳಿದರೆ ತಪ್ಪಾಗದು. ಔಚಿತ್ಯವೂ ಸಮೃದ್ಧಿಯೂ ಒಂದಾದ ಸ್ಥಳ ಬೇಕಾದವರು ಮಾರ್ವಿನ್ ಗೇಯನ ‘ವಾಟ್ಸ್ ಗೋಯಿಂಗ್ ಆನ್’ ಕೇಳಬೇಕು. ಆ ರಾತ್ರಿ ಗೇಯನು ಕ್ಲಬ್ಬಿನಲ್ಲಿದ್ದ ಜೇಮರ್ಸನ್ನನನ್ನು ಕರೆತಂದನೆಂದೂ, ಕುಡಿದು ಕೂರಲಾರದ ಸ್ಥಿತಿಯಲ್ಲಿದ್ದ ಅವನು ನೆಲದ ಮೇಲೆ ಮಲಗಿಯೇ ನುಡಿಸಿದನೆಂದೂ ಕಥೆಯುಂಟು. ಈ ಕಥೆಯನ್ನು ಹೇಳುವವರು ಹೆಚ್ಚು. ಅಲ್ಲಿ ಬೇಸ್ ಗಿಟಾರು ಕಂಠಕ್ಕೆ ಉತ್ತರ ಕೊಡದೆ, ಕಂಠ ಉಸಿರು ತೆಗೆದುಕೊಳ್ಳುವ ಎಡೆಯಲ್ಲಿ ಮಾತ್ರ ಎರಡು ಹೆಜ್ಜೆ ಹೆಚ್ಚು ಇಟ್ಟು ಹಿಂದೆ ಸರಿಯುವುದನ್ನು ಗಮನಿಸಿದವರು ಕಡಮೆ. ೧೯೭೧ರಲ್ಲಿ ಆ ಹೆಸರಿನ ಸಂಪುಟ ಹೊರಬಂದಾಗ ಲಕೋಟೆಯ ಮೇಲೆ ವಾದಕರ ಹೆಸರುಗಳು ಅಚ್ಚಾದವು. ಜೇಮರ್ಸನ್ನನ ಹೆಸರಿಗೆ ಪ್ರಶಂಸೆಯ ವಿಶೇಷಣವೂ ಸೇರಿತ್ತು. ಅಷ್ಟರಲ್ಲಿ ಹತ್ತು ವರ್ಷಗಳ ಕೆಲಸ ಮುಗಿದಿತ್ತು. ಆ ಹತ್ತು ವರ್ಷಗಳಲ್ಲಿ ಹೆಸರು ಬರೆದಿಡದಿದ್ದುದರಿಂದಲೇ, ಯಾವ ಹಾಡಿನಲ್ಲಿ ಯಾರ ಕೈ ಎಂಬ ಕಹಿಯಾದ ವಿವಾದಗಳು ಮುಂದೆ ಬೆಳೆದವು. ಶೈಲಿಯನ್ನು ನೋಡಿ ಕರ್ತೃವನ್ನು ನಿರ್ಣಯಿಸುವ ಕೆಲಸ ಹಳಗನ್ನಡದ ವಿದ್ವಾಂಸರಿಗೆ ಮಾತ್ರ ಮೀಸಲೆಂದು ತಿಳಿದವರು ಈ ವಿವಾದಗಳನ್ನು ಓದಿ ನೋಡಬಹುದು.

ಮೇಳದ ಜೀವನದಲ್ಲಿ ಶೈಲಿ ಹುಟ್ಟುವುದು ಎಷ್ಟೋ ವೇಳೆ ಇಲ್ಲದುದರಿಂದ. ಲ್ಯಾರಿ ಗ್ರಹಾಮನು ತನ್ನ ತಾಯಿಯೊಡನೆ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದಾಗ ಡೋಲಿನವನು ಇಲ್ಲದಂತಾಯಿತು. ಆ ಕೊರತೆಯನ್ನು ತುಂಬಲು ಅವನು ಹೆಬ್ಬೆರಳಿನಿಂದ ತಂತಿಯನ್ನು ಬಡಿದು, ಇನ್ನೊಂದು ಬೆರಳಿನಿಂದ ಕಿತ್ತೆಳೆದು, ದೊಡ್ಡ ಡೋಲಿನ ಪೆಟ್ಟನ್ನೂ ಚಿಕ್ಕ ಡೋಲಿನ ಪೆಟ್ಟನ್ನೂ ಒಂದೇ ವಾದ್ಯದಲ್ಲಿ ತೋರಿಸಿದನು. ಮುಂದೆ ಡೋಲಿನವರು ಬೇಕಾದಷ್ಟು ಮಂದಿ ಇರುವ ಮೇಳಗಳಲ್ಲಿಯೂ ಅದು ಫ್ಯಾಷನ್ನಾಯಿತು. ೧೯೭೨ರಲ್ಲಿ ಮೋಟೌನ್ ಕಂಪೆನಿ ಲಾಸ್ ಏಂಜಲೀಸಿಗೆ ಎದ್ದುಹೋದಾಗ ಜೇಮರ್ಸನ್ನನು ಹಿಂದೆಯೇ ಹೋದನು. ಅಲ್ಲಿ ಈ ಹೊಸ ಬಡಿತವನ್ನೂ ಹೊಸ ತಂತಿಯ ಥಳಥಳಿಸುವ ಧ್ವನಿಯನ್ನೂ ನಿರ್ಮಾಪಕರು ಕೇಳತೊಡಗಿದರು. ಅವನು ತಂತಿಯನ್ನು ಬದಲಿಸಲು ಒಪ್ಪಲಿಲ್ಲ. ಕುಡಿತವೂ ಹೆಚ್ಚಿತು, ಕರೆಗಳು ಕಡಮೆಯಾದವು. ಡೆಟ್ರಾಯಿಟಿನಲ್ಲಿ ಕಲೆಯಾಗಿದ್ದ ಹಠ ಇಲ್ಲಿ ಹಠ ಮಾತ್ರವಾಯಿತೆಂದು ಕೆಲವರು ಆಡಿಕೊಳ್ಳುತ್ತಾರೆ. ಹಠ ಒಂದೇ ಇತ್ತು, ಕೇಳುವವರು ಬೇರೆಯಾಗಿದ್ದರು.

ಪಾಸ್ಟೋರಿಯಸನ ಕಥೆ ಬೇರೆ ದಿಕ್ಕಿನದು. ೧೯೫೧ರಲ್ಲಿ, ಎಂದರೆ ಪ್ರೆಸಿಷನ್ ಹೊರಬಂದ ವರ್ಷದಲ್ಲಿಯೇ ಹುಟ್ಟಿ, ಫ್ಲಾರಿಡದ ಫೋರ್ಟ್ ಲಾಡರ್ಡೇಲಿನಲ್ಲಿ ಬೆಳೆದವನು. ಮೊದಲು ಡೋಲು ನುಡಿಸುತ್ತಿದ್ದು, ಚೆಂಡಾಟದಲ್ಲಿ ಮಣಿಕಟ್ಟಿಗೆ ಪೆಟ್ಟಾದ ಮೇಲೆ ಬೇಸ್ ಗಿಟಾರಿಗೆ ಬಂದನು. ೧೯೭೨ರಲ್ಲಿ ವೇನ್ ಕಾಕ್ರನ್ ಎಂಬ ಗಾಯಕನ ಮೇಳದೊಡನೆ ಬಸ್ಸಿನಲ್ಲಿ ಊರೂರು ತಿರುಗಿದ್ದೇ ಅವನ ಗುರುಕುಲವಾಸ. ಅವನ ಪ್ರಸಿದ್ಧ ವಾದ್ಯ ಫೆಂಡರನ ‘ಜಾಸ್ ಬೇಸ್’, ೧೯೬೨ರದು, ಅದರಲ್ಲಿ ಮೆಟ್ಟಿಲುಗಳಿರಲಿಲ್ಲ. ತಾನೇ ಬೆಣ್ಣೆಯ ಚಾಕುವಿನಿಂದ ಕಿತ್ತೆನೆಂದು ಒಮ್ಮೆ ಹೇಳಿದನು. ಕಿತ್ತದ್ದನ್ನೇ ಕೊಂಡೆನೆಂದು ಇನ್ನೊಮ್ಮೆ. ಹೇಗಾದರೂ ಆಗಲಿ, ಮೆಟ್ಟಿಲು ಹೋದ ಬಿರುಕುಗಳಿಗೆ ಮರದ ಲಪ್ಪ ಮೆತ್ತಿ, ಮೇಲೆ ದೋಣಿಗಳಿಗೆ ಬಳಿಯತಕ್ಕ ಗಟ್ಟಿಯಾದ ಎಪಾಕ್ಸಿಯ ಲೇಪ ಕೊಟ್ಟನು. ಈ ಲೇಪ ಶೋಕಿಗಾಗಿ ಅಲ್ಲ. ಅವನು ಹಾಕುತ್ತಿದ್ದುದು ರಾಟೋಸೌಂಡ್ ಕಂಪೆನಿಯ ದುಂಡು ಸುತ್ತಿನ ತಂತಿ. ಅದರ ಮೈ ಅರದಂತೆ ಒರಟು. ಬರಿಯ ಮರದ ಮೇಲೆ ಅದನ್ನು ಒತ್ತಿ ಜಾರಿಸಿದರೆ ಕೆಲವು ತಿಂಗಳಲ್ಲಿ ಹಲಗೆ ಕಚ್ಚಿಕಚ್ಚಿ ಹೋಗುತ್ತದೆ. ಗಾಜಿನಂತೆ ಗಟ್ಟಿಯಾದ ಲೇಪ ಮರವನ್ನು ಉಳಿಸಿತು. ಜೊತೆಗೆ ನಾದಕ್ಕೆ ಉದ್ದವನ್ನೂ ಹೊಳಪನ್ನೂ ಕೊಟ್ಟಿತು. ಜೇಮರ್ಸನ್ನನ ಗಿಡ್ಡ ಸ್ವರಕ್ಕೆ ಇದು ನೇರ ಎದುರು: ಇಲ್ಲಿ ಸ್ವರ ನಿಲ್ಲುತ್ತದೆ, ಬೆರಳಿನ ಕೆಳಗೆ ಅಲೆಯುತ್ತದೆ, ಮಾನವಕಂಠದಂತೆ ತುಳುಕುತ್ತದೆ. ಮೆಟ್ಟಿಲಿಲ್ಲದ ಬೇಸ್ ಗಿಟಾರು ಅವನ ಆವಿಷ್ಕಾರವೆಂದು ಹೇಳುವವರಿದ್ದಾರೆ, ಅದು ಸರಿಯಲ್ಲ. ಇಂಗ್ಲೆಂಡಿನ ಬಿಲ್ ವೈಮನ್ನನು ೧೯೬೧ರಲ್ಲಿಯೇ ಒಂದು ಅಗ್ಗದ ವಾದ್ಯದ ಮೆಟ್ಟಿಲು ಕಿತ್ತಿದ್ದನು. ೧೯೬೬ರಿಂದ ಆಂಪೆಗ್ ಕಂಪೆನಿ ಅಂತಹದನ್ನು ಮಾರುತ್ತಿತ್ತು. ನಿಖರತೆಯೇ ಹೆಸರಾದ ವಾದ್ಯಕುಲದಿಂದ ನಿಖರತೆಯ ಊರುಗೋಲನ್ನು ಕಿತ್ತುಕೊಂಡ ಮೇಲೂ ಎಡವದೆ ಓಡಿ ತೋರಿಸಿದ್ದು ಅವನ ಹಿರಿಮೆ.

ವಾದ್ಯವನ್ನು ತಿದ್ದುವುದು ಕನ್ನಡಿಗರಿಗೆ ಹೊಸದಲ್ಲ. ಮೈಸೂರಿನ ತಿರುಮಕೂಡಲು ಚೌಡಯ್ಯನವರು ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಪಿಟೀಲಿನ ದನಿ ಹಿಂದಿನ ಸಾಲಿಗೆ ಮುಟ್ಟುವುದಿಲ್ಲವೆಂದು ನಾಲ್ಕು ತಂತಿಗೆ ಮೂರನ್ನು ಸೇರಿಸಿ ಏಳು ಮಾಡಿಕೊಂಡರು. ಹಾಗೆ ಪುಷ್ಟಿಗೊಂಡ ಪಿಟೀಲನ್ನು ಅವರು ಪಕ್ಕವಾದ್ಯವಾಗಿಯೇ ನಡೆಸಿ ಗಾಯಕರಿಗೆ ಬೆಂಬಲವಾದರು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟರೆ ಪಾಸ್ಟೋರಿಯಸನ ಬೆಲೆ ಕಟ್ಟುವುದು ಸುಲಭವಾಗುತ್ತದೆ. ಅವನ ಹೆಸರಿನಿಂದಲೇ ೧೯೭೬ರಲ್ಲಿ ಹೊರಬಂದ ಮೊದಲ ಸಂಪುಟದ ಆರಂಭದ ಕೃತಿ ‘ಡೊನ್ನಾ ಲೀ’. ಚಾರ್ಲಿ ಪಾರ್ಕರನ ಕಾಲದ, ತುತೂರಿಗಾಗಿ ಹುಟ್ಟಿದ, ಉಸಿರು ಕಟ್ಟಿಸುವ ವೇಗದ ರಾಗರಚನೆ ಅದು. ಪಾಸ್ಟೋರಿಯಸನು ಅದನ್ನು ಡಾನ್ ಏಲಿಯಸನ ಕಾಂಗೋ ಡೋಲು ಒಂದರ ಜೊತೆ ಮಂದ್ರತಂತಿಯಲ್ಲಿ ನುಡಿಸಿದನು. ಹಿಂದೆಂದೂ ಯಾರೂ ಹಾಗೆ ಕೇಳಿರಲಿಲ್ಲ. ಈಗ ಅರ್ಧ ಶತಮಾನ ಕಳೆದ ಮೇಲೆ ಕೇಳಿದಾಗ ಬೆರಗು ಉಳಿದಿದೆ. ಬೆರಗನ್ನು ಬಿಟ್ಟು ಬೇರೇನು ಉಳಿದಿದೆಯೆಂದು ನೋಡಿದರೆ, ಕಸರತ್ತಿನ ಅಂಶ ತುಸು ಹೆಚ್ಚೆಂದೇ ಹೇಳಬೇಕಾಗುತ್ತದೆ. ಅದೇ ಸಂಪುಟದ ‘ಪೋರ್ಟ್ರೆಟ್ ಆಫ್ ಟ್ರೇಸಿ’ ಹಾಗಲ್ಲ. ತಂತಿಯನ್ನು ಒತ್ತದೆ ಬೆರಳನ್ನು ಹೂವಿನಂತೆ ಮುಟ್ಟಿಸಿ ಮೀಟಿದಾಗ ಹೊರಡುವ ಗಂಟೆಯಂತಹ ಉಪಸ್ವರಗಳಿಂದಲೇ ಹೆಚ್ಚುಪಾಲು ನೇಯ್ದ ಕೃತಿ ಅದು, ಹೆಂಡತಿಯ ಹೆಸರಿನದು. ಎರಡೂವರೆ ನಿಮಿಷಕ್ಕೂ ಕಡಮೆಯಾದ ಆ ಕೃತಿಯಲ್ಲಿ ತಂತ್ರ ಎಷ್ಟು ಕಠಿನವೆಂಬುದು ಮೊದಲ ಬಾರಿ ಕೇಳುವವನಿಗೆ ತಿಳಿಯುವುದೇ ಇಲ್ಲ.

ಆದರೆ ಅವನ ಅತ್ಯುತ್ತಮವಾದ ಕೆಲಸ ಅವನ ಹೆಸರಿನ ತಟ್ಟೆಯಲ್ಲಿಲ್ಲ. ಅದೇ ೧೯೭೬ರಲ್ಲಿ ಜೋನಿ ಮಿಚೆಲ್ ಎಂಬ ಕವಯಿತ್ರಿ ಗಾಯಕಿಯ ‘ಹೆಜೀರ’ ಸಂಪುಟದ ನಾಲ್ಕು ಹಾಡುಗಳಲ್ಲಿ ಅವನು ನುಡಿಸಿದ್ದಾನೆ. ಒಬ್ಬಂಟಿಯಾಗಿ ದೂರದ ದಾರಿಯಲ್ಲಿ ಸಾಗುವ ಹೆಣ್ಣಿನ ಹಾಡುಗಳು ಅವು. ಆಕೆಯ ಗಿಟಾರು ಸ್ವರಮೇಳಗಳನ್ನು ಅರ್ಧ ಹೇಳಿ ಬಿಡುತ್ತದೆ. ಅಲ್ಲಿ ಸಾಮಾನ್ಯ ಬೇಸ್ ವಾದಕನಾಗಿದ್ದರೆ ಮೂಲಸ್ವರವನ್ನು ಗೂಟದಂತೆ ನೆಟ್ಟು ಹಾಡನ್ನು ಕಟ್ಟಿಹಾಕುತ್ತಿದ್ದನು. ಪಾಸ್ಟೋರಿಯಸನು ಕಾಯುತ್ತಾನೆ. ಸಾಲು ಮುಗಿದ ಮೇಲೆ ಕೆಳಗಿನಿಂದ ಒಂದು ಸ್ವರ ಏಳುತ್ತದೆ, ಜಾರುತ್ತದೆ, ಎರಡನೆಯ ಕಂಠವೊಂದು ದೂರದಲ್ಲಿ ನಿಟ್ಟುಸಿರಿಟ್ಟಂತೆ ಅಡಗುತ್ತದೆ. ಕೆಲವೆಡೆ ಅವನ ಪಾಡಿಗೆ ಎರಡು ಎಳೆಗಳನ್ನು ಒಂದರ ಮೇಲೊಂದು ಮುದ್ರಿಸಿದಂತೆಯೂ ಕೇಳಿಸುತ್ತದೆ. ಮೆಟ್ಟಿಲನ್ನು ಕಿತ್ತದ್ದು ಏತಕ್ಕೆಂಬುದಕ್ಕೆ ಇಲ್ಲಿ ಸಮಾಧಾನ ಸಿಕ್ಕಿತು. ವೇಗದ ಓಟಕ್ಕೆ ಮೆಟ್ಟಿಲಿದ್ದರೂ ನಡೆಯುತ್ತಿತ್ತು, ಈ ನಿಟ್ಟುಸಿರಿಗೆ ಮೆಟ್ಟಿಲು ಅಡ್ಡಿ. ವೆದರ್ ರಿಪೋರ್ಟ್ ಮೇಳದಲ್ಲಿದ್ದ ವರ್ಷಗಳಲ್ಲಿ (೧೯೭೬ರಿಂದ) ಅವನ ಕೀರ್ತಿ ಆಕಾಶಕ್ಕೇರಿತು. ‘ಹೆವಿ ವೆದರ್’ (೧೯೭೭) ಸಂಪುಟದ ‘ಟೀನ್ ಟೌನ್’ನಲ್ಲಿ ಬೇಸ್ ಗಿಟಾರಿನ ಜೊತೆ ಡೋಲನ್ನೂ ತಾನೇ ನುಡಿಸಿದನು. ರಂಗದ ಮೇಲೆ ವಾದ್ಯವನ್ನು ನೆಲಕ್ಕೆಸೆದು ಕುಣಿಯುವುದೂ ಆರಂಭವಾಯಿತು. ಸಭಿಕರಿಗೆ ಅದು ರುಚಿಸಿತು. ಕೇಳುವ ಕಿವಿಗೆ ‘ಹೆಜೀರ’ದ ಕಾಯುವಿಕೆ ಅಲ್ಲಿ ಸಿಗುವುದು ಅಪೂರ್ವ. ಮುಂಗಡೆಗೆ ಬಂದ ಪಕ್ಕವಾದ್ಯಗಾರನು ಹಿಂದಕ್ಕೆ ಹೋಗಬಲ್ಲನೆಂಬುದನ್ನು ಅವನು ತೋರಿಸಿದ್ದನು. ಹಿಂದಕ್ಕೆ ಹೋಗು ಎಂದು ಹೇಳತಕ್ಕವರು ಬರಬರುತ್ತ ಅವನ ಸುತ್ತ ಇಲ್ಲವಾದರು.

ಇಬ್ಬರ ಕೊನೆಯೂ ಸುಖವಾಗಿರಲಿಲ್ಲ. ೧೯೮೩ರ ಮಾರ್ಚಿಯಲ್ಲಿ ಮೋಟೌನಿನ ಇಪ್ಪತ್ತೈದನೆಯ ವರ್ಷದ ಉತ್ಸವ ನಡೆದಾಗ ಜೇಮರ್ಸನ್ನನಿಗೆ ಆಹ್ವಾನವಿರಲಿಲ್ಲ; ಟಿಕೀಟು ಕೊಂಡು ಮೇಲಿನ ಸಾಲಿನಲ್ಲಿ ಕುಳಿತು ನೋಡಿದನೆಂದು ಪ್ರಸಿದ್ಧವಾಗಿದೆ. ಆ ವರ್ಷದ ಆಗಸ್ಟಿನಲ್ಲಿ ತೀರಿಕೊಂಡನು, ವಯಸ್ಸು ೪೭. ಅದಕ್ಕೆ ಕೆಲವೇ ದಿನಗಳ ಮೊದಲು ಅವನ ಪ್ರೆಸಿಷನ್ ಕಳುವಾಗಿತ್ತು. ಪಾಸ್ಟೋರಿಯಸನು ಮನೋರೋಗಕ್ಕೂ ಕುಡಿತಕ್ಕೂ ಸಿಕ್ಕಿ, ನ್ಯೂಯಾರ್ಕಿನ ಉದ್ಯಾನಗಳಲ್ಲಿ ದಿನ ಕಳೆಯುವಂತಾದನು. ೧೯೮೬ರಲ್ಲಿ ಅವನ ವಾದ್ಯವೂ ಅಲ್ಲಿಯೇ ಕಳುವಾಯಿತು. ಮರುವರ್ಷ ಫ್ಲಾರಿಡದಲ್ಲಿ ಕ್ಲಬ್ಬೊಂದರ ಹೊರಗೆ ತಿಂದ ಹೊಡೆತದಿಂದ ಸತ್ತನು, ವಯಸ್ಸು ೩೫. ಆ ವಾದ್ಯ ಎರಡು ದಶಕಗಳ ತರುವಾಯ ನ್ಯೂಯಾರ್ಕಿನಲ್ಲಿ ಪತ್ತೆಯಾಯಿತು. ಮೆಟಾಲಿಕ ಮೇಳದ ರಾಬರ್ಟ್ ಟ್ರುಹೀಯೋ ಹಣ ಕೊಟ್ಟು ಬಿಡಿಸಿದನು. ಜೇಮರ್ಸನ್ನನಿಗೆ ಕೀರ್ತಿ ಬಂದದ್ದು ತೀರಿಕೊಂಡ ಮೇಲೆ. ೧೯೮೯ರಲ್ಲಿ ಆಲನ್ ಸ್ಲಟ್ಸ್ಕಿ ಅವನ ಜೀವನಚರಿತ್ರೆಯನ್ನೂ, ಕಿವಿಯಿಂದ ಕೇಳಿ ಬರೆದ ಸ್ವರಲಿಪಿಗಳನ್ನೂ ಸೇರಿಸಿ ಪುಸ್ತಕ ಮಾಡಿದನು. ೨೦೦೦ದಲ್ಲಿ ರಾಕ್ ಸಂಗೀತದ ಕೀರ್ತಿಮಂದಿರದಲ್ಲಿ ಅವನ ಹೆಸರು ಸೇರಿತು. ೨೦೦೨ರಲ್ಲಿ ಅದೇ ಪುಸ್ತಕದಿಂದ ಫಂಕ್ ಬ್ರದರ್ಸರನ್ನು ಕುರಿತ ಚಲಚ್ಚಿತ್ರವೂ ಬಂದಿತು.

ಈ ಎರಡು ಬಗೆಯ ಸಾಮಗ್ರಿಯೂ ಈಗ ಅಂಗಡಿಯಲ್ಲಿ ದೊರೆಯುತ್ತದೆ. ಜೇಮರ್ಸನ್ನನು ಹಾಕುತ್ತಿದ್ದ ಅಳತೆಯ ಚಪ್ಪಟೆ ತಂತಿ ಅವನ ಹೆಸರಿನಲ್ಲಿಯೇ ಮಾರಾಟಕ್ಕಿದೆ. ಲೇಪ ಕೊಟ್ಟ, ಮೆಟ್ಟಿಲಿಲ್ಲದ, ಹಳತಾದಂತೆ ಬೇಕೆಂದೇ ಉಜ್ಜಿ ಬಣ್ಣ ಕೆಡಿಸಿದ ಜಾಸ್ ಬೇಸನ್ನು ಫೆಂಡರ್ ಕಂಪೆನಿಯವರೇ ಪಾಸ್ಟೋರಿಯಸನ ಹೆಸರಿನಿಂದ ಮಾಡಿ ಮಾರಿದ್ದಾರೆ. ಸ್ಲಟ್ಸ್ಕಿಯ ಪುಸ್ತಕದ ಜೊತೆ ಇರುವ ಧ್ವನಿಮುದ್ರಣಗಳಲ್ಲಿ ಬಹುಮಂದಿ ಪ್ರಸಿದ್ಧ ವಾದಕರು ಜೇಮರ್ಸನ್ನನ ನಡೆಗಳನ್ನು ಶ್ರದ್ಧೆಯಿಂದ ನುಡಿಸಿದ್ದಾರೆ. ಅವನ್ನು ಮೂಲದ ಪಕ್ಕದಲ್ಲಿಟ್ಟು ಕೇಳುವುದು ಒಳ್ಳೆಯ ಅಭ್ಯಾಸ. ಬಿಟ್ಟ ಸ್ವರವಿಲ್ಲ, ತಪ್ಪಿದ ಕಾಲವಿಲ್ಲ. ಆದರೆ ಎರಡು ಮೂರು ಬೆರಳುಗಳು ಸರದಿಯಿಂದ ಮೀಟುವ ಕೈಯಲ್ಲಿ ಪ್ರತಿ ಸ್ವರವೂ ಪಕ್ಕದ ಸ್ವರದಷ್ಟೇ ತೂಗುತ್ತದೆ. ಒಂದೇ ಬೆರಳು ಮೇಲಿನ ತಂತಿಯಿಂದ ಕೆಳಗಿನದಕ್ಕೆ ಎಳೆದುಕೊಂಡೇ ಇಳಿಯುವಾಗ ನಡುವೆ ಖಾಲಿ ತಂತಿಯೊಂದು ಅರೆಬರೆಯಾಗಿ ತಗುಲಿ, ಎಡಗೈ ಮುಂದಿನ ಸ್ಥಾನಕ್ಕೆ ಹೋಗಲು ಅಷ್ಟು ಹೊತ್ತು ಸಿಗುತ್ತಿತ್ತಲ್ಲ, ಆ ಅರೆಬರೆ ಸ್ವರ ಸ್ವರಲಿಪಿಯಲ್ಲಿ ಪೂರ್ಣಸ್ವರವಾಗಿಯೇ ಅಚ್ಚಾಗಿದೆ.